ಸದರಿ ಲಾವಕ್ಕಿಗಳ ಬಾಬತ್ತು

ಜೂನ್ ೪

೧. ಪತ್ರ ಬರೆಯುವವರು: ನಿನ್ನ ತಂದೆ, ವಯಸ್ಸು ಎಪ್ಪತ್ತೊಂದು, ಅರ್ಜಿಗಳ ನಕಲುಗಾರ, ಈಗ ವಿಶ್ರಾಂತ, ವಾಸ, ರಟ್ಟು ಕಟ್ಟುವ ಅಂಗಡಿಯ ಮೇಲಿನ ಎರಡು ಕೋಣೆ.
೨. ಪತ್ರ ಪಡೆಯುವವರು: ಸದರಿಯವರ ಒಬ್ಬಳೇ ಮಗಳು; ಗಂಡನ ಮನೆಯಿಂದ ಯಾರಿಗೂ ಹೇಳದೆ ಹೊರಟುಹೋದವಳು; ಸದ್ಯದ ವಾಸ, ದೂರದ ಊರಿನ ಇಸ್ತ್ರಿ ಅಂಗಡಿಯೊಂದರ ಮಹಡಿ.
೩. ಎದುರುದಾರರು: ಸದರಿ ಮಗಳ ಗಂಡ; ಕೋಳಿ ಫೀಡ್ ಮಾರುವ ಕಂಪನಿಯ ಪರವಾಗಿ ಊರೂರು ತಿರುಗುವ ಪ್ರತಿನಿಧಿ.
೪. ಬಾಬತ್ತು: ಎಂಟು ಲಾವಕ್ಕಿಗಳು.

ಮೇಲ್ಕಂಡ ವಿವರಗಳಲ್ಲಿ ತಪ್ಪಿಲ್ಲವೆಂದು ನಂಬಿ ಮುಂದುವರಿಯುತ್ತೇನೆ.

ನಿನ್ನ ಮೂರು ಸಾಲಿನ ಕಾಗದ ಟೈಪಿಸ್ಟನ ಅಂಗಡಿಯ ವಿಳಾಸಕ್ಕೆ ಬಂದು ನನ್ನ ಕೈ ಸೇರಿತು. ನಮ್ಮ ಮನೆಯ ವಿಳಾಸಕ್ಕೆ ಬರೆಯದೆ ಇದ್ದದ್ದು ಜಾಣತನ. ಉಳಿದದ್ದು ಯಾವುದೂ ಜಾಣತನವಲ್ಲ. ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯಲ್ಲಿ ಹಕ್ಕಿಗಳನ್ನು ತುಂಬಿಕೊಂಡು ಬಸ್ಸು ಹತ್ತಿದವಳು ಒಂದು ಜೊತೆ ಬಟ್ಟೆಯನ್ನಾದರೂ ತೆಗೆದುಕೊಳ್ಳಬಾರದಿತ್ತೆ? ಇದನ್ನು ನಾನು ನಿನ್ನ ತಾಯಿಯ ಮುಂದೆ ಎತ್ತಿದಾಗ ಅವಳು ತಲೆ ಎತ್ತದೆಯೇ ಅಂದಳು: "ಹಕ್ಕಿ ತಗೊಂಡು ಹೋದಳು ಅಂದ್ರೆ ವಾಪಸ್ ಬರಲ್ಲ ಅಂತ ಅರ್ಥ. ಇದನ್ನೂ ಬಿಡಿಸಿ ಹೇಳಬೇಕಾ ನಿಮಗೆ?"

ಎದುರುದಾರರು ಭಾನುವಾರ ಬಂದಿದ್ದರು. ಕಿತ್ತಳೆ ಹಣ್ಣು ತಂದಿದ್ದರು. ಚಪ್ಪಲಿಯನ್ನು ಬಾಗಿಲ ಹೊರಗೆ ಜೋಡಿಸಿಟ್ಟು, ನಿನ್ನ ತಾಯಿಯ ಮಂಡಿನೋವು ವಿಚಾರಿಸಿ, ನನ್ನೆದುರಿನ ಕುರ್ಚಿಯಲ್ಲಿ ಕುಳಿತು ಚಹಾ ಪೂರ್ತಿ ಕುಡಿದರು. ಕೂಗಾಡಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಕೂಗಾಡಲಿಲ್ಲ.

"ಅವಳು ಹೋದಳು, ಸರಿ ಮಾವ. ಹಕ್ಕಿ ಯಾಕೆ ತಗೊಂಡು ಹೋದಳು?"

"ಅವಳು ಮರಿ ಮಾಡಿಸಿದ ಹಕ್ಕಿ. ಅವಳಿಗೇ ಸೇರಿದ್ದು," ಎಂದೆ.

"ನಾನೇನು ವಾಪಸ್ ಕೊಡಿ ಅಂದ್ನಾ?" ಎಂದು ನಕ್ಕರು. "ಒಳ್ಳೇದೇ ಆಯ್ತು ಬಿಡಿ. ಹೆಂಗಸೊಬ್ಬಳು ಎಲ್ಲಾದರೂ ಬಚ್ಚಿಟ್ಟುಕೊಳ್ಳಬಹುದು. ಲಾವಕ್ಕಿಗೆ ಫೀಡ್ ಬೇಕು. ಫೀಡ್ ಮಾರೋ ಅಂಗಡಿ ಎಲ್ಲಿದ್ರೂ ಅಲ್ಲಿಗೆ ನಾನು ಹೋಗ್ತಾನೇ ಇರ್ತೀನಿ."

ಹೋಗುವಾಗ ಕಾಲು ಮುಟ್ಟಿ ನಮಸ್ಕರಿಸಿದರು. ಆ ಕಿತ್ತಳೆ ಹಣ್ಣುಗಳನ್ನು ನಿನ್ನ ತಾಯಿ ಸಿಪ್ಪೆಸಮೇತ ಕಸದ ಡಬ್ಬಿಗೆ ಸುರಿದಳು.

ನಿನ್ನ ವಾಸದ ಕೋಣೆ, ಉದ್ಯೋಗ, ಹಕ್ಕಿಗಳ ಗೂಡಿನ ವ್ಯವಸ್ಥೆ, ಈ ಮೂರರ ಬಗ್ಗೆ ಸವಿವರವಾಗಿ ತಿಳಿಸತಕ್ಕದ್ದು.

ಇತಿ,
ನಿನ್ನ ತಂದೆ


ಜೂನ್ ೧೯

ಅಪ್ಪನಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಓದಿ ಮಡಿಸಿ ಇಟ್ಟು, ಮತ್ತೆ ತೆಗೆದು ಆ ಫೀಡಿನ ಮಾತನ್ನೇ ಓದಿದೆ. ಅವರು ಅದನ್ನು ಯಾವ ದನಿಯಲ್ಲಿ ಹೇಳಿದರೆಂದು ನನಗೆ ಗೊತ್ತು. ತೂಕದ ಲೆಕ್ಕ ಹೇಳುವ ದನಿ.

ನೀವು ಕೇಳಿದ ಮೂರಕ್ಕೂ ಉತ್ತರ ಬರೆಯುತ್ತೇನೆ. ಕೆಲಸ ಆಸ್ಪತ್ರೆಯಲ್ಲಿ, ಬಟ್ಟೆ ಕೋಣೆಯಲ್ಲಿ. ಹರಿದ ಹೊದಿಕೆ, ದಿಂಬಿನ ಚೀಲ ಹೊಲಿಯುವುದು. ನೀಲಿ ಅಂಗಿ ಕೊಟ್ಟಿದ್ದಾರೆ. ಅದನ್ನು ಹಾಕಿಕೊಂಡರೆ ಎಲ್ಲರೂ ಒಂದೇ ಥರ ಕಾಣುತ್ತೇವೆ, ಅದು ನನಗೆ ಇಷ್ಟ. ಕೋಣೆ ಚಿಕ್ಕದು. ಕೆಳಗೆ ಇಸ್ತ್ರಿ ಅಂಗಡಿ ಇರುವುದರಿಂದ ನೆಲ ಬೆಚ್ಚಗಿರುತ್ತದೆ, ಹಕ್ಕಿಗಳಿಗೆ ಒಳ್ಳೆಯದು. ಮನೆಯೊಡತಿಯೇ ಇಸ್ತ್ರಿ ಮಾಡುವವಳು. ಎಲ್ಲರೂ ಇಸ್ತ್ರಿ ಅಕ್ಕ ಅನ್ನುತ್ತಾರೆ. ಹಕ್ಕಿಗಳನ್ನು ನೋಡಿ, "ಇವಿರಲಿ ಬಿಡು, ಮೊಟ್ಟೆ ಇಟ್ರೆ ನಂಗೂ ಎರಡು ಕೊಡು. ಗಂಡಸ್ರು ಮಾತ್ರ ಮೆಟ್ಟಿಲು ಹತ್ತಬಾರದು," ಅಂದಳು. "ಹತ್ತಿದ್ರೆ?" ಅಂದೆ. "ಇಸ್ತ್ರಿ ಪೆಟ್ಟಿಗೆ ಯಾವಾಗಲೂ ಬಿಸಿ ಇರುತ್ತೆ," ಅಂದಳು. ಬಂದ ಮೇಲೆ ಮೊದಲ ಸಲ ನಕ್ಕೆ.

ಗೂಡನ್ನು ಔಷಧಿ ಬಾಟಲಿ ಬರುವ ಮರದ ಪೆಟ್ಟಿಗೆಯಿಂದ ಮಾಡಿದ್ದೇನೆ. ಮುಂದೆ ಸಣ್ಣ ಕಣ್ಣಿನ ತಂತಿ ಬಲೆ, ನೆಲಕ್ಕೆ ಬಡಗಿಯ ಅಂಗಡಿಯ ಮರದ ಸಿಪ್ಪೆ, ಮೂಲೆಯಲ್ಲಿ ಹೊರಳಾಡಲು ಒಂದು ತಟ್ಟೆ ಮರಳು. ಚಾವಣಿ ಮಾತ್ರ ಬಟ್ಟೆಯದು. ಲಾವಕ್ಕಿ ಹೆದರಿದರೆ ಓಡುವುದಿಲ್ಲ ಅಪ್ಪ, ನೇರ ಮೇಲಕ್ಕೆ ಚಿಮ್ಮುತ್ತದೆ. ಮೇಲೆ ಹಲಗೆ ಇದ್ದರೆ ತಲೆ ಒಡೆದು ಸಾಯುತ್ತದೆ. ಅದಕ್ಕೇ ಹಲಗೆಯ ಕೆಳಗೆ ದಿಂಬಿನ ಬಟ್ಟೆಯನ್ನು ಬಿಗಿಯಾಗಿ ಕಟ್ಟಿದ್ದೇನೆ. ಚಿಮ್ಮಿದರೆ ಬಟ್ಟೆ ತಡೆಯುತ್ತದೆ.

ಆ ಮನೆಯಲ್ಲಿ ಅವರು ಮರದ ಚಾವಣಿಯೇ ಇರಲಿ ಅನ್ನುತ್ತಿದ್ದರು. ನನ್ನ ಮೇಲೆ ಸಿಟ್ಟು ಬಂದಾಗ ನನ್ನನ್ನು ಮುಟ್ಟುತ್ತಿರಲಿಲ್ಲ. ಗೂಡಿನ ಬಾಗಿಲು ತೆಗೆದು ಒಂದನ್ನು ಹಿಡಿದುಕೊಂಡು, ನಾನು ಸರಿಯಾದ ಉತ್ತರ ಹೇಳುವವರೆಗೆ ಮುಷ್ಟಿ ಬಿಗಿ ಮಾಡುತ್ತಾ ಹೋಗುತ್ತಿದ್ದರು. ಕುಂಟಿ ಅಂತ ನಾನು ಕರೆಯುವ ಹಕ್ಕಿಯ ಕಾಲು ಮುರಿದದ್ದು ಹಾಗೆ. ನಾನು ಉತ್ತರ ತಡ ಮಾಡಿದೆ. ಬಟ್ಟೆ ಬಿಟ್ಟು ಹಕ್ಕಿ ಯಾಕೆ ತಂದೆ ಅಂತ ಕೇಳಿದ್ದಿರಿ.

ಗಂಡು ಹಕ್ಕಿ ಒಂದೇ ಇದೆ, ಕೂಗುತ್ತದೆ. ಚಿಕ್ಕ ಹಕ್ಕಿ, ದೊಡ್ಡ ಗಂಟಲು. ಕೂಗಿದಾಗೆಲ್ಲ ನಾನು ಮೆಟ್ಟಿಲ ಕಡೆ ನೋಡುತ್ತೇನೆ. ಫೀಡನ್ನು ಬಸ್ಸಿನಲ್ಲಿ ಹೋಗಿ ದೂರದ ಬೀದಿಯಿಂದ ಸ್ವಲ್ಪ ಸ್ವಲ್ಪವೇ ತರುತ್ತೇನೆ. ಚೀಲದ ಮೇಲೆ ಸೂರ್ಯನ ಚಿತ್ರ ಇದೆ. ಅವರ ಕಂಪನಿಯದು ಹುಂಜದ ಚಿತ್ರ. ನೋಡಿಕೊಂಡೇ ತಂದಿದ್ದೇನೆ.

ಅಮ್ಮನಿಗೆ ಹೇಳಿ, ಊಟ ಮಾಡುತ್ತಿದ್ದೇನೆ.

ನಿಮ್ಮ ಮಗಳು


ಜುಲೈ ೧೧

ಮಗಳಿಗೆ ಆಶೀರ್ವಾದಪೂರ್ವಕ ತಿಳಿಯಪಡಿಸುವುದೇನೆಂದರೆ,

ನಿನ್ನ ಪತ್ರದಲ್ಲಿನ ಮುಷ್ಟಿಯ ವಿಚಾರವನ್ನು ನಿನ್ನ ತಾಯಿಗೆ ಓದಿ ಹೇಳುವಾಗ ಆ ಭಾಗವನ್ನು ಬಿಟ್ಟು ಓದಿದೆ. "ಮಧ್ಯದಲ್ಲಿ ಏನೋ ನುಂಗಿದ್ರಿ," ಎಂದಳು. ನುಂಗಿಲ್ಲವೆಂದೆ. "ನಿಮ್ಮ ಗಂಟಲು ನಂಗೆ ಗೊತ್ತಿಲ್ವಾ," ಎಂದು ಕಾಗದ ಕಸಿದುಕೊಂಡು, ಅಕ್ಷರ ಅಕ್ಷರ ಕೂಡಿಸಿಕೊಂಡು ತಾನೇ ಓದಿದಳು.

ನಾನು ಠಾಣೆಗೆ ಹೋಗಿ ನಾಲ್ಕು ಪುಟದ ಅರ್ಜಿ ಸಲ್ಲಿಸಿದೆ. ಅಧಿಕಾರಿಗಳು ಓದಿದರು. "ಅಕ್ಷರ ಮುತ್ತಿನ ಹಾಗಿದೆ ಯಜಮಾನ್ರೇ," ಎಂದರು. "ಆದ್ರೆ ಇದರಲ್ಲಿ ಪೆಟ್ಟು ತಿಂದಿರೋದು ಹಕ್ಕಿ. ಹಕ್ಕಿ ಬಂದು ಹೇಳಿಕೆ ಕೊಡುತ್ತಾ?" ಅಲ್ಲಿದ್ದವರೆಲ್ಲ ನಕ್ಕರು. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ನಾನು ಹೊರಬರಲಿಲ್ಲ ಎಂಬುದನ್ನು ಮಾತ್ರ ದಾಖಲಿಸುತ್ತೇನೆ.

ಎದುರುದಾರರು ಎರಡನೆಯ ಸಲ ಬಂದರು. ಈ ಸಲ ಹೆಚ್ಚು ಮಾತಿಲ್ಲ. ಒಳಕೋಣೆಯ ಹಗ್ಗದ ಮೇಲೆ ಒಣಗಿದ್ದ ಬಟ್ಟೆಗಳನ್ನು ಒಂದೊಂದಾಗಿ ನೋಡಿದರು. ತಟ್ಟೆಗಳ ಗೂಡನ್ನು ನೋಡಿದರು. "ಇಬ್ಬರೇ ಇದ್ದೀರಿ ಅಂತ ಕಾಣುತ್ತೆ," ಎಂದರು. ಇಬ್ಬರೇ ಎಂದೆ. "ಹಾಗೇ ಇರಿ," ಎಂದರು.

ಅದರಲ್ಲಿ ಬೆದರಿಕೆಯ ಪದ ಒಂದೂ ಇಲ್ಲ. ಅರ್ಜಿಯಲ್ಲಿ ಬರೆಯಲು ನನಗೆ ಏನೂ ಸಿಗಲಿಲ್ಲ. ಐವತ್ತು ವರ್ಷ ಊರಿನವರ ಸಂಕಟಗಳನ್ನೆಲ್ಲ ಕ್ರಮವಾಗಿ ಪದಗಳಲ್ಲಿ ಕೂರಿಸಿದವನಿಗೆ, ಈ ಎರಡು ಪದಗಳನ್ನು ಎಲ್ಲಿ ಕೂರಿಸಬೇಕೆಂದು ತಿಳಿಯದೆ ಹೋಯಿತು.

ಬಾಗಿಲಿಗೆ ಒಳಚಿಲಕವಲ್ಲದೆ ಅಗುಳಿಯೂ ಇರತಕ್ಕದ್ದು. ಗಂಡು ಹಕ್ಕಿಯನ್ನು ಇಸ್ತ್ರಿ ಅಂಗಡಿಯವರಿಗೋ ಮತ್ತಾರಿಗೋ ಕೊಟ್ಟುಬಿಡುವ ಬಗ್ಗೆ ಯೋಚಿಸು.

ಇತಿ,
ನಿನ್ನ ತಂದೆ


ಆಗಸ್ಟ್ ೮

ಅಪ್ಪ,

ಮೂರು ಹಕ್ಕಿ ಸತ್ತವು.

ಹೊಸದಾಗಿ ತಂದ ಫೀಡು. ಕೈಗೆ ಸುರಿದುಕೊಂಡಾಗಲೇ ಒದ್ದೆ ಗೋಡೆಯ ವಾಸನೆ ಬಂತು, ಆದರೂ ಹಾಕಿದೆ. ಮಾರನೆಯ ದಿನ ಅವು ಗರಿ ಕೆದರಿಕೊಂಡು ಉಂಡೆಯಾಗಿ ಮೂಲೆ ಸೇರಿದ್ದವು. ಮೊದಲು ಗಂಡು ಹೋಯಿತು. ಅದು ಕೂಗಬಾರದು ಅಂತ ಎಷ್ಟು ಸಲ ಬೇಡಿಕೊಂಡಿದ್ದೆನೋ, ಈಗ ಕೂಗುವುದಿಲ್ಲ. ಆಮೇಲೆ ಎರಡು ಹೆಣ್ಣು. ಉಳಿದ ಐದೂ ಹೆಣ್ಣೇ. ಅವಕ್ಕೆ ಆ ಫೀಡು ನಿಲ್ಲಿಸಿ ಬೇಯಿಸಿದ ಮೊಟ್ಟೆ, ಸೊಪ್ಪು ಕೊಟ್ಟೆ. ಕುಂಟಿ ಬದುಕಿದೆ.

ಅಂಗಡಿಯವನಿಗೆ ತೋರಿಸಿದೆ. ಚೀಲದೊಳಗೆ ಕೈ ಹಾಕಿ ಹಸಿರು ಬೂಷ್ಟು ಹಿಡಿದ ಗಂಟನ್ನು ನಾನೇ ತೆಗೆದು ತೋರಿಸಿದೆ. "ನಾನೇನು ಅಡುಗೆ ಮಾಡಿ ತುಂಬಿದ್ನಾ? ಕಂಪನಿ ಕಳಿಸುತ್ತೆ, ನಾನು ಮಾರ್ತೀನಿ," ಅಂದ.

ಬಟ್ಟೆ ಕೋಣೆಯಲ್ಲಿ ಹೊಲಿಯುತ್ತಾ ಅತ್ತೆ. ಪಕ್ಕದವಳು ಯಾರಾದರೂ ತೀರಿಕೊಂಡರಾ ಅಂದಳು. ಹೂಂ ಅಂದೆ.

ಸುಮ್ಮನೆ ಹೇಳಿಕೊಂಡೆ ಅಪ್ಪ, ಬೇರೆ ಯಾರ ಹತ್ತಿರ ಹೇಳಲಿ? ನೀವು ಏನೂ ಮಾಡುವುದು ಬೇಡ.

ನಿಮ್ಮ ಮಗಳು


ಆಗಸ್ಟ್ ೨೨

ಮಗಳಿಗೆ,

ಏನೂ ಮಾಡುವುದು ಬೇಡವೆಂದು ನೀನು ಬರೆದಿದ್ದೀಯೆ. ಅನ್ಯಾಯವನ್ನು ಓದಿ ಮಡಿಸಿಡುವ ಅಭ್ಯಾಸ ನನ್ನ ಮೇಜಿಗೆ ಇಲ್ಲ. ಸದರಿ ಸೂರ್ಯನ ಚಿತ್ರದ ಕಂಪನಿಯ ಮುಖ್ಯ ಕಚೇರಿಗೆ ದೂರು ಸಲ್ಲಿಸಿದ್ದೇನೆ. ಓದಿದ ಕೂಡಲೇ ಗಾಬರಿಯಾಗಬೇಡ. ಎಲ್ಲ ಎಚ್ಚರಿಕೆಗಳನ್ನೂ ವಹಿಸಿದ್ದೇನೆ. ನಿನ್ನ ಹೆಸರಿಲ್ಲ, 'ಗ್ರಾಹಕರು' ಎಂದಿದೆ. ನನ್ನ ಹೆಸರಿಲ್ಲ. ನನ್ನ ಅಕ್ಷರವೂ ಇಲ್ಲ; ಟೈಪು ಮಾಡಿಸಿ, ಟೈಪಿಸ್ಟನ ಸಹಿ, ಅವನದೇ ವಿಳಾಸ. ಎದುರುದಾರರ ಕಂಪನಿಯೇ ಬೇರೆ. ಇದಕ್ಕಿಂತ ಭದ್ರವಾದ ಕಾಗದವನ್ನು ನಾನು ಸಿದ್ಧಪಡಿಸಿದ್ದಿಲ್ಲ.

ಮುಖ್ಯ ಭಾಗದ ನಕಲು ಹೀಗಿದೆ:

'ಸದರಿ ಊರಿನ ಹಳೆ ಸೇತುವೆ ಬೀದಿಯ ಅಂಗಡಿಯಲ್ಲಿ ಖರೀದಿಸಿದ, ಬೂಷ್ಟು ಹಿಡಿದ ಆಹಾರವನ್ನು ಸೇವಿಸಿ ಗ್ರಾಹಕರ ಸುಪರ್ದಿಯಲ್ಲಿದ್ದ ಎಂಟು ಲಾವಕ್ಕಿಗಳ ಪೈಕಿ ಮೂರು ಮೃತಪಟ್ಟಿರುತ್ತವೆ. ಉಳಿದ ಐದು ಹೆಣ್ಣು ಹಕ್ಕಿಗಳ ಪೈಕಿ ಒಂದರ ಗುರುತಿನ ಚಿಹ್ನೆ: ಬಲಗಾಲು ಮುರಿದು ಸೊಟ್ಟಗೆ ಕೂಡಿರುವುದು. ತಾವು ದಯಮಾಡಿ ಸ್ಥಳ ವಿಚಾರಣೆ ನಡೆಸಿ ನ್ಯಾಯ ದೊರಕಿಸಬೇಕಾಗಿ ವಿನಂತಿ.'

ಗುರುತಿನ ಚಿಹ್ನೆ ಇಲ್ಲದ ವಿವರಣೆ ಯಾವ ಕಚೇರಿಯಲ್ಲೂ ನಿಲ್ಲುವುದಿಲ್ಲ. ನಾಳೆ ಕಂಪನಿಯವರು 'ಇವು ಬೇರೆ ಹಕ್ಕಿಗಳು' ಎಂದರೆ ನಮ್ಮ ಬಳಿ ಏನು ಆಧಾರ? ಟೈಪಿಸ್ಟನೇ ತಲೆದೂಗಿ, "ಇದಕ್ಕೆ ಉತ್ತರ ಕೊಡದೆ ಇರೋಕಾಗಲ್ಲ ಬಿಡಿ ಸ್ವಾಮಿ," ಎಂದ.

ನಿನ್ನ ತಾಯಿ ಮಾತ್ರ ದೂರು ಕೊಡುವುದೇ ಬೇಡವೆಂದಳು. ಕಾರಣ ಕೇಳಿದರೆ, "ಕಾರಣ ಗೊತ್ತಿಲ್ಲ. ಬೇಡ ಅನ್ಸುತ್ತೆ," ಎಂದಳು. ಅದನ್ನು ಕಾರಣವೆಂದು ಪರಿಗಣಿಸಲಾಗಲಿಲ್ಲ.

ಇತಿ,
ನಿನ್ನ ತಂದೆ


ಸೆಪ್ಟೆಂಬರ್ ೯

ಅಪ್ಪ,

ಕಾಲಿನ ವಿಷಯ ಯಾಕೆ ಬರೆದಿರಿ?

ನಿಮ್ಮ ಕಾಗದ ಬಂದ ದಿನದಿಂದ ಕಂಪನಿ ಬೇರೆ, ಕಂಪನಿ ಬೇರೆ ಅಂತ ನನಗೆ ನಾನೇ ಹೇಳಿಕೊಂಡು ಆ ಬೀದಿಗೆ ಹೋಗದೆ ಇದ್ದೆ. ನಿನ್ನೆ ಫೀಡು ಪೂರ್ತಿ ಖಾಲಿಯಾಗಿತ್ತು. ಬೇರೆ ಅಂಗಡಿ ಹುಡುಕಿಕೊಂಡು ಹೋಗುತ್ತಿದ್ದವಳನ್ನು ಹಳೆಯ ಅಂಗಡಿಯವನು ರಸ್ತೆಯಲ್ಲೇ ಕರೆದ.

"ಅಮ್ಮಾ, ಬನ್ನಿ ಬನ್ನಿ! ಕಂಪನಿಗೇ ಕಾಗದ ಹಾಕಿದ್ರಲ್ಲ, ಜೋರಿದ್ದೀರಿ! ನಂಗೆ ಬೈಸಿಬಿಟ್ರಿ!" ಅವನು ಸಿಟ್ಟಿನಲ್ಲಿರಲಿಲ್ಲ. ಹೆಮ್ಮೆಯಲ್ಲಿದ್ದ. "ಕಂಪನಿಯವರು ಮನೆತನಕ ಬಂದು ನೋಡ್ತಾರಂತೆ. ವಿಚಾರಣೆಗೆ ಬಂದಿದ್ರಲ್ಲ, ಏನು ಒಳ್ಳೆ ಮನುಷ್ಯ ಅಂತೀರಿ. ನಂಗೆ ಚಹಾ ಕುಡಿಸಿ ಮಾತಾಡಿದ್ರು. 'ಆ ಸೊಟ್ಟ ಕಾಲಿಂದು ಇನ್ನೂ ಬದುಕಿದೆಯಾ?' ಅಂತ ಕೇಳಿದ್ರು. ಎಷ್ಟು ಕಾಳಜಿ ನೋಡಿ, ಒಂದು ಹಕ್ಕಿ ಮೇಲೆ!"

"ನನ್ನ ಬಗ್ಗೆ ಕೇಳಿದ್ರಾ?"

"ಮನೆ ಎಲ್ಲಿ ಅಂದ್ರು. ನಂಗೇನು ಗೊತ್ತು? ಆಸ್ಪತ್ರೆ ನೀಲಿ ಅಂಗಿ ಹಾಕ್ಕೊಂಡು ಬರ್ತಾರೆ ಅಂದೆ. ಮುಂದಿನ ವಾರ ಬರ್ತಾರಂತೆ. ಹೊಸ ಚೀಲ ಅವರೇ ತರ್ತಾರಂತೆ, ನಿಮ್ಮ ಕೈಗೇ ಕೊಡಬೇಕಂತೆ."

ಓಡಲಿಲ್ಲ ಅಪ್ಪ. ಓಡಿದರೆ ಅವನಿಗೆ ನೆನಪಿರುತ್ತದೆ ಅಂತ ನಿಧಾನ ನಡೆದೆ. ಬಸ್ಸಿನಲ್ಲಿ ಸೀರೆಯ ಮೇಲೆ ಹಾಕಿದ್ದ ನೀಲಿ ಅಂಗಿಯನ್ನು ಬಿಚ್ಚಿ ಚೀಲದೊಳಗೆ ತುರುಕಿದೆ. ಇವತ್ತು ಕೆಲಸಕ್ಕೆ ಹೋಗಿಲ್ಲ. ಕಿಟಕಿಯ ಕೆಳಗೆ ಮೋಟರ್ ಸೈಕಲ್ ನಿಂತರೆ ನಾನು ಗೋಡೆಗೆ ಅಂಟಿಕೊಳ್ಳುತ್ತೇನೆ. ನಾನು ಬೆಚ್ಚಿದರೆ ಹಕ್ಕಿಗಳೂ ಬೆಚ್ಚಿ ಮೇಲಕ್ಕೆ ಚಿಮ್ಮುತ್ತವೆ. ಬಟ್ಟೆಗೆ ಬಡಿದ ಸದ್ದು ಕೇಳಿ ನಾನು ಮತ್ತೆ ಬೆಚ್ಚುತ್ತೇನೆ.

ಏನು ಮಾಡಲಿ? ಇವುಗಳನ್ನು ಬಿಟ್ಟು ಓಡಲಾ? ಹೊರಗೆ ಬಿಟ್ಟರೆ ಬೆಕ್ಕಿನ ಪಾಲು. ಇಸ್ತ್ರಿ ಅಕ್ಕನಿಗೆ ಕೊಟ್ಟರೆ ಅವರು ಅವಳ ಬಾಗಿಲಿಗೆ ಬರುತ್ತಾರೆ.

ಮಗಳು


ಸೆಪ್ಟೆಂಬರ್ ೧೨

ಮಗಳೇ,

ಕ್ರಮಸಂಖ್ಯೆ ಹಾಕುತ್ತಿಲ್ಲ. ಸಮಯವಿಲ್ಲ.

ನಿನ್ನ ಕಾಗದವೂ ಕಂಪನಿಯ ಉತ್ತರವೂ ಒಂದೇ ದಿನ ಟೈಪಿಸ್ಟನ ಮೇಜಿಗೆ ಬಂದವು. ಕಂಪನಿಯ ಉತ್ತರ ಬಹಳ ಸಭ್ಯವಾಗಿದೆ. ಸೂರ್ಯನ ಚಿತ್ರದ್ದೂ ಹುಂಜದ ಚಿತ್ರದ್ದೂ ಒಂದೇ ಗಿರಣಿಯ ಚೀಲಗಳಂತೆ. ಆ ಭಾಗದ ವಿಚಾರಣೆಯನ್ನು ತಮ್ಮ 'ಅನುಭವಿ ಪ್ರತಿನಿಧಿ'ಗೆ ಒಪ್ಪಿಸಿದ್ದಾರಂತೆ. ಆತನ ಹೆಸರನ್ನೂ ಬರೆದಿದ್ದಾರೆ. ಅದನ್ನು ನಾನು ನಿನ್ನ ಲಗ್ನಪತ್ರಿಕೆಯಲ್ಲಿ ನನ್ನ ಕೈಯಾರೆ ಬರೆದಿದ್ದೆ.

ಟೈಪಿಸ್ಟ ಅದನ್ನು ಓದಿ ಕಾಗದವನ್ನು ಮೇಜಿನ ಮೇಲೆ ಮಗುಚಿ ಇಟ್ಟ. ಮನೆಗೆ ಬಂದು ನಿನ್ನ ತಾಯಿಗೆ ಹೇಳಿದೆ. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. "ಹೆಸರು ಮುಚ್ಚಿಟ್ಟು ಕಾಲು ತೋರಿಸಿಬಿಟ್ರಲ್ರೀ," ಎಂದಳು. ಅಷ್ಟೇ. ನನ್ನ ಮೇಲೆ ಇದುವರೆಗೆ ಬಂದ ಯಾವ ತೀರ್ಪೂ ಇಷ್ಟು ಚಿಕ್ಕದಾಗಿರಲಿಲ್ಲ.

ಈಗ ಕೇಳು. ಅವನು ಹುಡುಕುವುದು ನಿನ್ನನ್ನು, ಆದರೆ ಹಿಡಿದಿರುವ ದಾರಿ ಹಕ್ಕಿಯದು. ಹಕ್ಕಿ ಇದ್ದಲ್ಲಿ ನೀನಿರುವೆ ಎಂದು ನಂಬಿದ್ದಾನೆ. ಆದ್ದರಿಂದ ಹಕ್ಕಿಗಳು ಇಲ್ಲಿರಬೇಕು. ಗುರುವಾರ ಮೊದಲ ಬಸ್ಸಿಗೆ ಬರುತ್ತೇನೆ. ಮುಚ್ಚಳದ ಬುಟ್ಟಿ ತರುತ್ತೇನೆ. ಮುಚ್ಚಳದ ಒಳಗೆ ನಿನ್ನ ತಾಯಿ ಹಳೆಯ ಮೆತ್ತನೆ ಬಟ್ಟೆ ಹೊಲಿದಿದ್ದಾಳೆ, ತಲೆ ಬಡಿಯದಂತೆ. ಅದೇ ದಿನ, ನನ್ನ ಹೆಸರಿನಲ್ಲಿ, ನನ್ನ ಅಕ್ಷರದಲ್ಲಿ, ಕಂಪನಿಗೆ ಇನ್ನೊಂದು ಪತ್ರ: ಸದರಿ ಹಕ್ಕಿಗಳು ಈಗ ನನ್ನ ಮನೆಯಲ್ಲಿವೆ, ವಿಚಾರಣೆಯನ್ನು ಇಲ್ಲೇ ನಡೆಸತಕ್ಕದ್ದು ಎಂದು. ನೀನು ತವರಿಗೆ ಬಂದೆ ಎಂದುಕೊಂಡು ಅವನು ಇಲ್ಲಿಗೆ ಬರುತ್ತಾನೆ. ಅವನು ಇಲ್ಲಿ ಬಾಗಿಲು ತಟ್ಟುವಾಗ ನೀನು ಆ ಊರಿನಲ್ಲಿ ಇರಬಾರದು.

ಇಸ್ತ್ರಿ ಅಂಗಡಿಯವರಿಗೆ ಎಲ್ಲವನ್ನೂ ಹೇಳು. ಮುಚ್ಚಿಡಬೇಡ. ಒಬ್ಬಳೇ ಮೆಟ್ಟಿಲು ಇಳಿಯಬೇಡ.

ಅಪ್ಪ


ಸೆಪ್ಟೆಂಬರ್ ೨೦

ಅಪ್ಪ, ಅಮ್ಮ,

ಇದನ್ನು ಇಸ್ತ್ರಿ ಅಕ್ಕನ ಅಂಗಡಿಯ ಹಿಂದಿನ ಮೇಜಿನ ಮೇಲೆ, ಮಡಿಸಿಟ್ಟ ಬಟ್ಟೆಗಳ ನಡುವೆ ಬರೆಯುತ್ತಿದ್ದೇನೆ. ಸಂಜೆಗೆ ಹೊರಡುತ್ತೇನೆ. ಎಲ್ಲಿಗೆಂದು ಅಕ್ಕನಿಗೆ ಗೊತ್ತು; ಅವಳ ಕಡೆಯವರ ಮನೆ.

ನೀವು ಬುಟ್ಟಿ ಎತ್ತಿಕೊಂಡು ಬಸ್ಸು ಹತ್ತುವಾಗ ಒಂದು ಸಲವೂ ತಿರುಗಿ ನೋಡಲಿಲ್ಲ. ತಿರುಗಿದರೆ ನಾನು ಅಳುತ್ತೇನೆ ಅಂತ ಗೊತ್ತಿತ್ತೋ, ನೀವು ಅಳುತ್ತೀರಿ ಅಂತಲೋ? ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದರ ಮೇಲೆ ಎರಡೂ ಕೈಯನ್ನು ಚಾಚಿ ಕೂತಿದ್ದಿರಿ, ದಾಖಲೆ ಪತ್ರಗಳ ಕಟ್ಟಿನ ಮೇಲೆ ಕೈಯಿಟ್ಟು ಕೂರುವ ಹಾಗೆ.

ಮೊನ್ನೆ ಬಟ್ಟೆ ಕೋಣೆಗೆ ಒಬ್ಬ ಗಂಡಸು ಬಂದಿದ್ದನಂತೆ. 'ಲಾವಕ್ಕಿ ಸಾಕಿದವರು ಯಾರು' ಅಂತ ಕೇಳಿದನಂತೆ. ಪಕ್ಕದವಳು ಇಲ್ಲಿ ಯಾರೂ ಹಕ್ಕಿ ಸಾಕಿಲ್ಲ ಅಂದಳಂತೆ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದಕ್ಕೇ ಚೆನ್ನಾಗಿ ಹೇಳಿದಳು.

ಅಲ್ಲಿ ಅವರು ಬಂದರೆ ಗೂಡಿನ ಬಾಗಿಲನ್ನು ಅವರ ಕೈಗೆ ಬಿಡಬೇಡಿ. ಹೊಸ ವಿಳಾಸ ಮುಂದಿನ ಕಾಗದದಲ್ಲಿ.

ನಿಮ್ಮ ಮಗಳು


ಅಕ್ಟೋಬರ್ ೨

ಮಗಳಿಗೆ,

ಈ ಪತ್ರವನ್ನು ಇಸ್ತ್ರಿ ಅಂಗಡಿಯವರ ಹೆಸರಿಗೆ ಕಳುಹಿಸುತ್ತಿದ್ದೇನೆ. ಅವರು ನಿನ್ನ ಕೈಗೆ ತಲುಪಿಸುತ್ತಾರೆ. ಹೇಗೆ, ಎಲ್ಲಿ ಎಂದು ನಾನು ಕೇಳಿಲ್ಲ.

ಅವನು ಸೋಮವಾರ ಬಂದ. ಕೆಳಗೆ ರಟ್ಟು ಕಟ್ಟುವ ಇಬ್ಬರಿಗೂ ಮೊದಲೇ ಹೇಳಿಟ್ಟಿದ್ದೆ. ಮೆಟ್ಟಿಲ ಬುಡದಲ್ಲೇ ಗೋಂದಿನ ಡಬ್ಬಿ ಇಟ್ಟುಕೊಂಡು ಕೆಲಸಕ್ಕೆ ಕೂತಿದ್ದರು. ಈ ಸಲ ಹಣ್ಣಿಲ್ಲ. ಹೆಗಲ ಮೇಲೆ ಹೊಸ ಫೀಡಿನ ಚೀಲ. ಚಪ್ಪಲಿ ಬಿಡಲಿಲ್ಲ. ಒಳಕೋಣೆಗೆ ಹೋದ, ಅಡುಗೆಮನೆಗೆ ಹೋದ, ಮಂಚದ ಕೆಳಗೆ ಬಗ್ಗಿ ನೋಡಿದ. ಆಮೇಲೆ, ನೀನು ಬರೆದಂತೆ ಬಟ್ಟೆಯ ಚಾವಣಿ ಕಟ್ಟಿ ನಾವು ಮಾಡಿದ್ದ ಹಕ್ಕಿ ಗೂಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಹಕ್ಕಿಗಳು ಅವನ ವಾಸನೆಗೇ ಮೂಲೆಗೆ ಒತ್ತಿಕೊಂಡವು. ಕುಂಟಿ ಮೇಲಕ್ಕೆ ಚಿಮ್ಮಿ ಬಟ್ಟೆಗೆ ಬಡಿದು ಕೆಳಗೆ ಬಿತ್ತು.

"ಎಲ್ಲಿ ಅವಳು?"

"ಇಲ್ಲ."

"ಹಕ್ಕಿ ಇದೆ."

"ನಾನು ತಂದೆ. ಬುಟ್ಟಿಯಲ್ಲಿ."

ಬೆರಳು ಮಾಡಿ ಎಣಿಸಿದ. ನನ್ನ ಮೊದಲ ದೂರಿನ ಪ್ರತಿಯನ್ನು ಜೇಬಿನಿಂದ ತೆಗೆದು ಬಿಡಿಸಿದ. "ಐದು ಅಂತ ಟೈಪ್ ಮಾಡ್ಸಿದ್ದೀರಿ ಮಾವ. ನಾಲ್ಕಿವೆ."

ಬುಟ್ಟಿಯ ಮುಚ್ಚಳವನ್ನು ನಾನು ಮನೆಗೆ ಬಂದ ಮೇಲೇ ತೆರೆದದ್ದು. ನಾಲ್ಕೇ ಇದ್ದದ್ದನ್ನು ಆಗಲೇ ನೋಡಿದ್ದೆ. ನೀನೇಕೆ ಹಾಗೆ ಮಾಡಿದೆ ಎಂದು ನಾನು ಕೇಳುವುದಿಲ್ಲ. ಒಂದನ್ನಾದರೂ ಜೊತೆಯಲ್ಲಿ ಇಟ್ಟುಕೊಳ್ಳದೆ ಹೊಸ ಕೋಣೆಯ ಕತ್ತಲೆಯಲ್ಲಿ ನೀನು ಹೇಗೆ ಮಲಗುತ್ತಿದ್ದೆ?

"ಒಂದು ದಾರಿಯಲ್ಲಿ ಸತ್ತಿತು," ಎಂದೆ. ನಾನೇ ಸಹಿ ಹಾಕಿದ ಅರ್ಜಿಯಲ್ಲಿ ಒಂದು ಸುಳ್ಳೂ ಇದ್ದದ್ದಿಲ್ಲ. ಬಾಯಲ್ಲಿ ಹೇಳುವುದು ಇನ್ನೂ ಕಷ್ಟ.

"ನಿಮ್ಮ ಮುಖಕ್ಕೆ ಸುಳ್ಳು ಒಗ್ಗಲ್ಲ ಮಾವ," ಎಂದ. "ಇರಲಿ ಬಿಡಿ. ಒಂದು ಹಕ್ಕಿ ಆದ್ರೂ ಉಪವಾಸ ಇರಕ್ಕಾಗಲ್ಲ." ಹಾಗೆನ್ನುತ್ತಾ ಗೂಡಿನ ಅ‌ಗುಳಿಗೆ ಕೈ ಹಾಕಿದ.

ನಿನ್ನ ತಾಯಿ ಅಡುಗೆಮನೆಯಿಂದ ಬಂದವಳೇ, ಅವನ ಕೈಗೂ ಗೂಡಿಗೂ ನಡುವೆ, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು.

"ಏಳಿ ಅತ್ತೆ."

"ಮಂಡಿ ಹಿಡ್ಕೊಂಡಿದೆ ಕಣಪ್ಪ. ಕೂತ್ರೆ ಏಳಕ್ಕಾಗಲ್ಲ."

"ಎಬ್ಬಿಸಲಾ?"

"ಎಬ್ಬಿಸು ನೋಡೋಣ. ಹೇಗೆ ಎಬ್ಬಿಸ್ತೀಯ ಅಂತ ಕೆಳಗಿನವರೂ ಬಂದು ನೋಡಲಿ. ಕರೀಲಾ?"

ಅವಳು ಅಲುಗಲಿಲ್ಲ. ನಾನು ಅವಳ ಪಕ್ಕದಲ್ಲಿ ಕೂತೆ. ಕೆಳಗಿನಿಂದ ಒಬ್ಬ, "ಏನಾಯ್ತು ಸ್ವಾಮಿ?" ಎಂದು ಕೂಗಿದ. ಗೂಡಿನ ಮುಂದೆ ಕೂತಿದ್ದವನು ಎದ್ದ. ತಂದ ಚೀಲವನ್ನು ನಮ್ಮ ಮುಂದೆಯೇ ಇಟ್ಟು ಹೋದ. ಮೆಟ್ಟಿಲ ಮೇಲೆ ಅವನು ಅವಸರ ಮಾಡಲಿಲ್ಲ. ಮತ್ತೆ ಬರುವವನು ಇಳಿಯುವ ಹಾಗೆ ಇಳಿದ. ನಾವಿಬ್ಬರೂ ಕತ್ತಲಾಗುವವರೆಗೆ ಅಲ್ಲಿಂದ ಏಳಲಿಲ್ಲ.

ಈಗ ನಾನು ಹೇಳಬೇಕಾದದ್ದು ಎರಡೇ.

ಹೊಸ ವಿಳಾಸವನ್ನು ಮುಂದಿನ ಕಾಗದದಲ್ಲಿ ತಿಳಿಸುತ್ತೇನೆ ಎಂದಿದ್ದೀಯೆ. ತಿಳಿಸಬೇಡ. ನನಗಾಗಲಿ, ಟೈಪಿಸ್ಟನಿಗಾಗಲಿ, ಯಾರಿಗೂ ಬೇಡ. ಅವನು ಹೆದರಿಸಿದರೆ ಬಾಯಿ ಬಿಟ್ಟೇನೆಂದು ಅಲ್ಲ. ನನಗೆ ಗೊತ್ತಿರುವುದನ್ನು ನಾನು ಎಲ್ಲಾದರೂ ಬರೆದುಬಿಡುತ್ತೇನೆ. ನನ್ನ ಕೈಯನ್ನು ನಾನು ಈಗ ನಂಬುವುದಿಲ್ಲ. ಗೊತ್ತಿಲ್ಲದ್ದನ್ನು ಮಾತ್ರ ನಾನು ಬರೆಯಲಾರೆ. ನೀನು ಕ್ಷೇಮವೆಂಬುದನ್ನು ಇಸ್ತ್ರಿ ಅಂಗಡಿಯವರು ಒಂದು ಬರಿಯ ಲಕೋಟೆ ಕಳುಹಿಸಿ ತಿಳಿಸಲಿ. ಒಳಗೆ ಕಾಗದ ಬೇಡ.

ಎರಡನೆಯದು: ಆ ಒಂದು ಹಕ್ಕಿಗಾಗಿ ಯಾವ ಊರಿನ ಯಾವ ಫೀಡಿನ ಅಂಗಡಿಯ ಮೆಟ್ಟಿಲನ್ನೂ ಹತ್ತಬೇಡ. ಅವನು ಬಿಟ್ಟುಹೋದ ಚೀಲವನ್ನು ನಿನ್ನ ತಾಯಿ ಬಿಚ್ಚದೆ ಮೋರಿಯ ಪಕ್ಕ ಇಟ್ಟಳು. ಆಮೇಲೆ ತೂಕದ ಕಲ್ಲು, ಜರಡಿ ತೆಗೆದುಕೊಂಡು ಕೂತವಳು, ಮೆಕ್ಕೆಜೋಳ ಇಷ್ಟು, ಕಡಲೆ ಇಷ್ಟು, ಒಣಮೀನು ಇಷ್ಟು ಎಂದು ಕುಟ್ಟಿ, ನಮ್ಮ ನಾಲ್ಕಕ್ಕೂ ಹಾಕಿ, ಅವು ತಿಂದು ಮಾರನೆಯ ದಿನ ಮೊಟ್ಟೆ ಇಟ್ಟ ಮೇಲೆಯೇ ನಿನಗೆ ಪೊಟ್ಟಣ ಕಟ್ಟಿದಳು. ಅಳತೆಯನ್ನು ಕಾಗದದಲ್ಲಿ ಬರೆದುಕೊಡಲೇ ಎಂದೆ.

"ಬೇಡ," ಎಂದಳು. "ರುಚಿ ನೋಡಿ ಕಂಡುಕೊಳ್ಳಲಿ. ಅವಳು ನನ್ನ ಮಗಳು."

ಇತಿ,

(ಸಹಿ)
ನಿನ್ನ ತಂದೆ

ಅಡಕ:
೧. ಕುಟ್ಟಿ ಜರಡಿ ಹಿಡಿದ ಹಕ್ಕಿಯ ಆಹಾರ, ಒಂದು ಪೊಟ್ಟಣ; ಒಂದು ಹಕ್ಕಿಗೆ ಸಾಲುವಷ್ಟು.